ಗಾಳಿಗೆ ಹಾಕಿದ ಹೆಪ್ಪು

ಆಕಾಶದಲ್ಲಿ ಓಣಿಗಳಿಲ್ಲ

ವಿಮಾನದಲ್ಲಿ ನನ್ನ ಪಕ್ಕದ ಸೀಟು ಗಂಗಕ್ಕನದು. ಎರಡು ವರ್ಷದಿಂದ ನನ್ನೊಡನೆ ಮಾತು ಬಿಟ್ಟವಳ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಸಮುದ್ರ ದಾಟುವ ಯೋಗ ನನ್ನ ಹಣೆಯಲ್ಲಿ ಬರೆದಿತ್ತು. ಊರಿನಲ್ಲಾದರೆ ಅವಳು ಎದುರು ಬರುವುದನ್ನು ಕಂಡು ನಾನು ಬೇರೆ ಓಣಿ ಹಿಡಿಯುತ್ತಿದ್ದೆ. ಅವಳು ನನ್ನನ್ನು ಕಂಡು ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು. ಆಕಾಶದಲ್ಲಿ ತಿರುಗಿಕೊಳ್ಳಲು ಓಣಿ ಎಲ್ಲಿಯದು? ವಿಮಾನ ನೆಲ ಬಿಟ್ಟಾಗ ಅವಳು ಮೈಲಾರಲಿಂಗನನ್ನು ನೆನೆದು ಸೊಂಟದ ಚೀಲದಿಂದ ಒಂದು ಚಿಟಿಕೆ ಭಂಡಾರದ ಅರಿಶಿನ ತೆಗೆದು ಮುಂದಿನ ಸೀಟಿಗೆ ಹಚ್ಚಿದಳು. ನಾನು ಕಂಡೂ ಕಾಣದವಳಂತೆ ಕಿಟಕಿ ನೋಡಿದೆ.

ಜಗಳದ ಮೂಲವನ್ನು ಮೊದಲೇ ಹೇಳಿಬಿಡುತ್ತೇನೆ. ಹೂವಿನಹಡಗಲಿಯಿಂದ ಹೊಳಲಿನ ಕಡೆ ಹೋಗುವ ರಸ್ತೆಯ ಬದಿಗೆ ನನ್ನದೊಂದು ಗೊಬ್ಬರದ ಶೆಡ್ಡಿದೆ. ಹಗರಿಬೊಮ್ಮನಹಳ್ಳಿ ಕಡೆಯ ಕೋಳಿ ಫಾರಂಗಳ ಗೊಬ್ಬರ, ಕುರಿಹಟ್ಟಿಗಳ ಹಿಕ್ಕೆ, ಮೆಕ್ಕೆಜೋಳದ ದಂಟು ಎಲ್ಲವನ್ನೂ ಬೆರೆಸಿ ಕೊಳೆಸುತ್ತೇನೆ. ನನ್ನ ಗೊಬ್ಬರ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಹೋಗುತ್ತದೆ. ಒಂದು ಸಲ ಒಯ್ದವರು ಮತ್ತೆ ನನ್ನ ಬಾಗಿಲಿಗೇ ಬರುತ್ತಾರೆ. ಇದು ಜಂಬವಲ್ಲ, ಇದ್ದದ್ದು. ಆದರೆ ಕೋಳಿ ಗೊಬ್ಬರ ಕೊಳೆಯುವಾಗ ಕಣ್ಣಲ್ಲಿ ನೀರು ಬರಿಸುವ ಅಮೋನಿಯಾ ಏಳುತ್ತದೆ. ಒಳಗೆ ದುಡಿಯುವ ಹೆಂಗಸರಿಗೆ ಉಸಿರು ಕಟ್ಟಬಾರದೆಂದು ಆ ಗಾಳಿಯನ್ನು ಹೊರಹಾಕಲು ದೊಡ್ಡದೊಂದು ಫ್ಯಾನು ಇಟ್ಟಿದ್ದೇನೆ. ಫ್ಯಾನು ಎಲ್ಲಾದರೂ ಒಂದು ಕಡೆ ಮುಖ ಮಾಡಲೇಬೇಕಲ್ಲ. ಅದು ಗಂಗಕ್ಕನ ಮಲ್ಲಿಗೆ ಹೊಲಕ್ಕೆ ಮುಖ ಮಾಡಿತ್ತು.

ಮೊದಲು ನಮ್ಮದು ಹೆಪ್ಪಿನ ನಂಟು. ಅವರ ಮನೆಯಲ್ಲಿ ಮೊಸರು ಮುಗಿದರೆ ನಮ್ಮ ಮನೆಯಿಂದ ಹೆಪ್ಪು, ನಮ್ಮಲ್ಲಿ ಬೆಕ್ಕು ಗಡಿಗೆ ಉರುಳಿಸಿದರೆ ಅವರ ಮನೆಯಿಂದ. ಒಬ್ಬರ ಮೊಸರು ಇನ್ನೊಬ್ಬರ ಮೊಸರಿನ ಮಗಳೋ ತಾಯಿಯೋ ಗೊತ್ತಾಗದಷ್ಟು ಬಳಕೆ. ಸಂಜೆ ದೀಪ ಹಚ್ಚಿದ ಮೇಲೆ ಮಾತ್ರ ಹೆಪ್ಪು ಕೇಳಬಾರದು, ಕೊಡಬಾರದು. ಅದು ನಮ್ಮ ಕಡೆ ಎಲ್ಲರ ಮನೆಯ ಕಟ್ಟು. ಮನೆಯ ಸಮೃದ್ಧಿ ಹೆಪ್ಪಿನ ಜೊತೆ ಕತ್ತಲಲ್ಲಿ ಹೊರಟು ಹೋಗುತ್ತದೆಂದು ನಂಬಿಕೆ.

ಶೆಡ್ಡು ದೊಡ್ಡದಾದ ಮೇಲೆ ಹೆಪ್ಪು ನಿಂತಿತು. ಸಂತೆಯಲ್ಲಿ ಯಾರೋ ಅವಳ ಮಲ್ಲಿಗೆಯನ್ನು ಮೂಗಿಗೆ ಹಿಡಿದು, ಇದೇನು ಕೋಳಿಗೂಡಿನ ವಾಸನೆ ಅಂದರಂತೆ. ಅಂದಿನಿಂದ ಅವಳು ಪ್ರತಿ ವರ್ಷ ಮಲ್ಲಿಗೆ ಗಿಡ ಸವರಿದ ಕಡ್ಡಿಯನ್ನೆಲ್ಲ ಸುಡದೆ, ಹಳೆಯ ಸೊಪ್ಪು ಸೆದೆ ಸೇರಿಸಿ, ನನ್ನ ಫ್ಯಾನಿನ ಎದುರಿಗೆ ಬೇಲಿಯುದ್ದಕ್ಕೂ ಒಡ್ಡು ಹಾಕತೊಡಗಿದಳು. ಒಡ್ಡು ನನ್ನ ಎದೆಯೆತ್ತರ ಬೆಳೆಯಿತು. ಅದನ್ನು ನೋಡಿದಾಗಲೆಲ್ಲ ನನಗೆ ನನ್ನ ಮುಖಕ್ಕೇ ಬಾಗಿಲು ಹಾಕಿದಂತಾಗುತ್ತಿತ್ತು. ಕೊನೆಗೆ ಹಿರಿಯರ ಮುಂದೆ ಮಾತಾಯಿತು. ಮುಂದಿನ ಮೊಗ್ಗು ಬಿಡುವ ಹೊತ್ತಿಗೆ ವಾಸನೆ ನಿಲ್ಲದಿದ್ದರೆ ಶೆಡ್ಡಿಗೆ ಬೀಗ ಹಾಕುತ್ತೇನೆಂದು ನಾನೇ ಒಪ್ಪಿದೆ. ನಿಂತಿದೆಯೋ ಇಲ್ಲವೋ ಹೇಳಬೇಕಾದ್ದು ಗಂಗಕ್ಕನ ಮೂಗು.

ಅಷ್ಟರಲ್ಲಿ ನಮ್ಮ ಭಾಗದ ರೈತರ ಸಂಘವೊಂದು ಏಳೆಂಟು ಜನರನ್ನು ನೆದರ್‌ಲ್ಯಾಂಡ್ಸಿಗೆ ಕರೆದೊಯ್ಯುವುದೆಂದಾಯಿತು. ಹೂವಿನವರು ಅಲ್ಲಿಯ ಹೂವಿನ ಹರಾಜು ನೋಡಬೇಕು. ನಾನು ಗೊಬ್ಬರದ ಗಾಳಿಯನ್ನು ಅಲ್ಲಿಯವರು ಹೇಗೆ ತೊಳೆಯುತ್ತಾರೆಂದು ನೋಡಬೇಕು. ಹೊರಟವರಲ್ಲಿ ಹೆಂಗಸರು ನಾವಿಬ್ಬರೇ. ಹಾಗಾಗಿ ಸೀಟೂ ಒಂದೇ ಕಡೆ, ಕೋಣೆಯೂ ಒಂದೇ. ವ್ಯವಸ್ಥೆ ಮಾಡಿದವರಿಗೆ ಪುಣ್ಯ ಬರಲಿ.

ಆಮ್‌ಸ್ಟರ್‌ಡ್ಯಾಂನ ನಾಯಿ

ವಿಮಾನ ಇಳಿದು ಸಾಮಾನು ಎತ್ತಿಕೊಂಡು ಹೊರಡುವಾಗ ಒಂದು ನಾಯಿ ಬಂದು ಗಂಗಕ್ಕನ ಚೀಲದ ಪಕ್ಕ ಕುಳಿತುಬಿಟ್ಟಿತು. ಬೊಗಳಲಿಲ್ಲ, ಕಚ್ಚಲಿಲ್ಲ, ನೆಂಟರ ಮನೆಗೆ ಬಂದಂತೆ ಸುಮ್ಮನೆ ಕುಳಿತಿತು. ಅದರ ಹಿಂದೆಯೇ ಬಂದ ಅಧಿಕಾರಿಣಿ ಚೀಲ ಬಿಚ್ಚಿಸಿದಳು. ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿ, ಸೀರೆಗಳ ನಡುವೆ ಒಂದು ಸ್ಟೀಲ್ ಡಬ್ಬಿ. ಡಬ್ಬಿಯೊಳಗೆ ಗಟ್ಟಿ ಮೊಸರು. ಅಲ್ಲಿ ಹೋಗಿ ಹಾಲು ಸಿಕ್ಕರೂ ಹೆಪ್ಪು ಸಿಗಲಿಕ್ಕಿಲ್ಲವೆಂದು ಮನೆಯ ಹೆಪ್ಪನ್ನೇ ಕಟ್ಟಿಕೊಂಡು ಬಂದಿದ್ದಾಳೆ.

ಹೊರಗಿನ ಹಾಲಿನ ಪದಾರ್ಥ ನಮ್ಮ ದೇಶದೊಳಗೆ ಬರುವಂತಿಲ್ಲ ಎಂದು ಅಧಿಕಾರಿಣಿ ನಯವಾಗಿಯೇ ಹೇಳಿದಳು. ಗಂಗಕ್ಕ ಎರಡು ವರ್ಷದ ಮೇಲೆ ನನ್ನ ಕಡೆ ತಿರುಗಿ ಬಾಯಿ ಬಿಟ್ಟಳು.

"ತಿನ್ನಾಕ ಅಲ್ಲ, ಅದು ಹೆಪ್ಪು ಅಂತ ಆಕಿಗೆ ತಿಳಿಸಿ ಹೇಳ್ರಿ."

ಮೊದಲು ನನ್ನನ್ನು ತಂಗಿ ಎಂದು ಏಕವಚನದಲ್ಲೇ ಕರೆಯುತ್ತಿದ್ದವಳು ಈಗ ರಿ ಹಚ್ಚಿದಳು. ನಮ್ಮ ಕಡೆ ಮರ್ಯಾದೆ ಹೆಚ್ಚಾಯಿತೆಂದರೆ ಪ್ರೀತಿ ಕಡಿಮೆಯಾಯಿತೆಂದೂ ಅರ್ಥವಾಗಬಹುದು. ಆದರೂ ಮಾತು ಮಾತೇ. ನಾನು ಬಿ.ಎಸ್ಸಿ.ಯ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ವಾದಿಸಿದೆ. ಅಧಿಕಾರಿಣಿ ತಲೆಯಾಡಿಸುತ್ತಲೇ ಮೊಸರನ್ನು ಕಸದ ಡಬ್ಬಕ್ಕೆ ಸುರಿದು, ಖಾಲಿ ಡಬ್ಬಿಯನ್ನು ಒರೆಸಿ ಕೈಗಿಟ್ಟಳು. ಜೀವಂತ ಇರುವ ಸಣ್ಣ ಜೀವಿಗಳು ಗಡಿ ದಾಟಬಾರದಂತೆ. ನಾವಿಬ್ಬರು ದೊಡ್ಡ ಜೀವಿಗಳು, ವೀಸಾ ಇತ್ತು, ಬಿಟ್ಟರು.

ಗಂಗಕ್ಕನಿಗೆ ಸಿಟ್ಟು ಬರಬಹುದೆಂದುಕೊಂಡೆ. ಅವಳು ದೂರ ಹೋಗುತ್ತಿದ್ದ ನಾಯಿಯನ್ನೇ ನೋಡುತ್ತ, ಮೂಗು ಛಲೋ ಐತಿ ಅಂದಳು. ಒಂದು ಮೂಗು ಇನ್ನೊಂದು ಮೂಗಿಗೆ ಕೊಟ್ಟ ಗೌರವ ಅದು.

ಮರೈಕೆಯ ಮನೆ

ನಮ್ಮ ಗುಂಪಿನ ಗಂಡಸರನ್ನು ಒಂದು ಹೋಟೆಲಿನಲ್ಲಿ ಬಿಟ್ಟು ನಮ್ಮಿಬ್ಬರನ್ನು ಮರೈಕೆ ಎಂಬ ಹೆಂಗಸಿನ ಮನೆಗೆ ಕರೆತಂದರು. ಅರವತ್ತು ದಾಟಿದವಳು, ನಮಗಿಂತ ಎರಡು ಗೇಣು ಎತ್ತರ, ಮನೆಯ ಹೊಸ್ತಿಲವರೆಗೂ ರಬ್ಬರ್ ಬೂಟು. ಆ ಸಣ್ಣ ಊರಿನ ಎಲೆ, ಹುಲ್ಲು, ಅಡುಗೆ ಮನೆಯ ಕಸ, ಸುತ್ತಲಿನ ಕೋಳಿ ಫಾರಂಗಳ ಗೊಬ್ಬರ ಎಲ್ಲ ಬರುವುದು ಅವಳ ಅಂಗಳಕ್ಕೆ. ಅಂದರೆ ಕಸುಬಿನಲ್ಲಿ ನನ್ನ ಅಕ್ಕ.

ಅಲ್ಲಿಯ ನೆಲ ರೊಟ್ಟಿ ಬಡಿಯುವ ಕಲ್ಲಿನಂತೆ ಸಪಾಟು. ಗುಡ್ಡ ಹುಡುಕಿದರೂ ಇಲ್ಲ. ರಸ್ತೆಗಿಂತ ಎತ್ತರದಲ್ಲಿ ಕಾಲುವೆ ಹರಿಯುತ್ತದೆ, ನೀರು ಯಾವಾಗ ಮೈಮೇಲೆ ಬರುತ್ತದೋ ಎಂಬ ಭಯ ಯಾರಿಗೂ ಇದ್ದಂತಿಲ್ಲ. ಅಜ್ಜಿಯಂದಿರು ಗಾಳಿಗೆ ಎದುರಾಗಿ ಸೈಕಲ್ ತುಳಿಯುತ್ತಾರೆ. ಚಹಾದ ಜೊತೆ ಬಿಸ್ಕತ್ತಿನ ಡಬ್ಬಿ ಮುಂದೆ ಬರುತ್ತದೆ, ಒಂದು ತೆಗೆದುಕೊಂಡ ಕೂಡಲೇ ಮುಚ್ಚಳ ಬೀಳುತ್ತದೆ. ಎರಡನೆಯದಕ್ಕೆ ಚಾಚಿದ ನನ್ನ ಕೈ ಮುಚ್ಚಳದ ಮೇಲೆ ನಿಂತಿತು. ಇದನ್ನು ನೋಡಿದ ಗಂಗಕ್ಕ ತನ್ನ ಚೀಲದಿಂದ ಇಡೀ ಖಡಕ್ ರೊಟ್ಟಿಯನ್ನೇ ತೆಗೆದು, ಚಟ್ನಿಪುಡಿ ಹಾಕಿ ಮರೈಕೆಯ ಮುಂದೆ ಇಟ್ಟಳು. ಅರ್ಧ ತಿಂದರೂ ಸಾಕೆಂದು ನಾನು ಹೇಳಿದೆ. ಮರೈಕೆ ಕಣ್ಣೀರು ಸುರಿಸುತ್ತ ಪೂರ್ತಿ ತಿಂದಳು. ಬಹಳ ಸ್ವಾಭಿಮಾನದ ಹೆಂಗಸು.

ಸಂಜೆ ಗಂಗಕ್ಕ ಅಂಗಡಿಯ ಮೊಸರಿನ ಒಂದು ಚಮಚವನ್ನು ಬೆಚ್ಚಗಿನ ಹಾಲಿಗೆ ಹಾಕಿ, ನಮ್ಮ ಕೋಣೆಯನ್ನು ಬಿಸಿ ಇಡುವ ಕಬ್ಬಿಣದ ಕೊಳವೆಗಳ ಮೇಲೆ ತನ್ನ ಡಬ್ಬಿ ಇಟ್ಟು ಶಾಲು ಹೊದಿಸಿದಳು. ಬೆಳಿಗ್ಗೆ ನೋಡಿದರೆ ಒಡೆಯದ, ನೀರು ಬಿಡದ ಮೊಸರು. ಅರ್ಧ ನನ್ನ ತಟ್ಟೆಗೆ ಬಡಿಸಿದಳು. ಊಟಕ್ಕೆ ಬಡಿಸುವುದು ಬೇರೆ, ಹೆಪ್ಪು ಕೊಡುವುದು ಬೇರೆ.

ಬೆಳೆಯಿಲ್ಲದ ಹೊಲ

ಮರುದಿನ ಮರೈಕೆ ತನ್ನ ಶೆಡ್ಡಿಗೆ ಕರೆದೊಯ್ದಳು. ಬಾಗಿಲು ಸರಿಸಿದ ಕೂಡಲೇ ನನ್ನ ಮನಸ್ಸಿಗೆ ಸಂತೋಷವಾಯಿತು. ಒಳಗಿನ ಗಾಳಿ ನನ್ನ ಶೆಡ್ಡಿಗಿಂತಲೂ ಕೆಟ್ಟದಾಗಿತ್ತು. ಗಂಗಕ್ಕ ಸೆರಗು ಮೂಗಿಗೇರಿಸಿ ನನ್ನ ಕಡೆ ನೋಡಿದಳು, ಇದನ್ನು ಕಲಿಯಲು ಇಷ್ಟು ದೂರ ಬಂದೆಯಾ ಎಂಬಂತೆ.

ಶೆಡ್ಡಿನ ಹಿಂದೆ ಗೋಡೆ ಕಟ್ಟಿದ ಒಂದು ದೊಡ್ಡ ಮಡಿ. ಅದರ ತುಂಬ ಮರದ ಬೇರು, ತೊಗಟೆಗಳ ಒರಟು ಚಕ್ಕೆ. ಬೆಳೆಯಿಲ್ಲದ ಹೊಲದ ಹಾಗೆ ಸುಮ್ಮನೆ ಬಿದ್ದಿದೆ. ನವೆಂಬರಿನ ಚಳಿಯಲ್ಲಿ ಅದರ ಮೈಯಿಂದ ಸಣ್ಣಗೆ ಹಬೆ ಏಳುತ್ತಿತ್ತು. ಶೆಡ್ಡಿನ ಗಾಳಿಯನ್ನು ಫ್ಯಾನು ಎಳೆದು, ನೀರಿನ ತುಂತುರಿನಲ್ಲಿ ತೋಯಿಸಿ, ಈ ಮಡಿಯ ಅಡಿಯಿಂದ ನುಗ್ಗಿಸುತ್ತದೆ. ಚಕ್ಕೆಗಳ ಸಂದಿಯಲ್ಲಿ ನುಸುಳಿ ಮೇಲೆ ಬರುವಷ್ಟರಲ್ಲಿ ಗಾಳಿ ಹಸನಾಗಿರಬೇಕು. ಮರೈಕೆ ನಮ್ಮನ್ನು ಮಡಿಯ ಮೇಲೆ ಹತ್ತಿಸಿ, ಬಗ್ಗಿ ಮೂಸಿರಿ ಎಂದಳು.

ಬಗ್ಗಿದೆ. ಸುಟ್ಟ ನೆಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುತ್ತದಲ್ಲ, ಆ ವಾಸನೆ. ಬೇರೇನೂ ಇಲ್ಲ. ನಾನು ಮೊಣಕಾಲೂರಿ ಕುಳಿತು ಮತ್ತೆ ಮೂಸಿದೆ. ನನಗೆ ಅಳು ಬಂದದ್ದು ನಿಜ, ಮತ್ತು ಅದು ಅಮೋನಿಯಾದಿಂದಲ್ಲ.

ಮರೈಕೆ ವಿವರಿಸಿದಳು, ನಾನು ಗಂಗಕ್ಕನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಚಕ್ಕೆಯ ಮೈಗೆ ಒಂದು ತೆಳ್ಳಗಿನ ನೀರಿನ ಪೊರೆ ಅಂಟಿರುತ್ತದೆ. ಆ ಪೊರೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳ ಊರಿಗೆ ಊರೇ ಇದೆ. ಗಾಳಿಯಲ್ಲಿ ಬಂದ ಅಮೋನಿಯಾ ಆ ನೀರಿನಲ್ಲಿ ಕರಗಿದ ಕೂಡಲೇ ಒಂದು ಜಾತಿ ಅದನ್ನು ತಿನ್ನುತ್ತದೆ. ಅದು ತಿಂದು ಬಿಟ್ಟದ್ದನ್ನು ಇನ್ನೊಂದು ಜಾತಿ ತಿನ್ನುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವ ಗಂಧಕದ ಗಾಳಿಗೆ ಮತ್ತೊಂದು ಗುಂಪು. ಇವೆಲ್ಲ ಮಿತಿಮೀರಿ ಬೆಳೆದು ಸಂದಿ ಮುಚ್ಚದಂತೆ ಇವನ್ನೇ ಮೇಯುವ ಸಣ್ಣ ಹುಳಗಳು ಬೇರೆ. ಒಬ್ಬರು ಕೈಬಿಟ್ಟರೆ ಹಿಂದಿನವರು ಬಿಟ್ಟದ್ದು ಹಾಗೇ ಉಳಿದು ಎಲ್ಲರಿಗೂ ವಿಷವಾಗುತ್ತದೆ. ಮಡಿ ಒಣಗಿದರೆ ಸಾಯುತ್ತವೆ, ನೀರು ನಿಂತರೆ ಉಸಿರು ಕಟ್ಟುತ್ತವೆ. ಹೊಸ ಮಡಿಗೆ ಮೊದಲ ದಿನವೇ ಪೂರ್ತಿ ಗಾಳಿ ಬಿಟ್ಟರೆ ಬೆದರಿ ಕೆಡುತ್ತವೆ, ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಬೇಕು.

ಗಂಗಕ್ಕ ಎಲ್ಲ ಕೇಳಿ, ಹಂಗಾರ ಇದು ಗಾಳಿಗೆ ಹೆಪ್ಪು ಹಾಕಿದಂಗ ಅಂದಳು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಹಾಲಿಗೆ ಒಂದು ಚಮಚ ಹಳೆಯ ಮೊಸರು ಬೇಕಾದಂತೆ, ಹೊಸ ಮಡಿಗೆ ಹಳೆಯ ಮಡಿಯ ಒಂದು ಪುಟ್ಟಿ ಚಕ್ಕೆ ಬೆರೆಸುತ್ತಾಳಂತೆ ಮರೈಕೆ. ಆ ಗಳಿಗೆಯಲ್ಲೇ ನಿರ್ಧಾರ ಮಾಡಿದೆ, ಒಂದು ಹಿಡಿಯಾದರೂ ಊರಿಗೆ ಒಯ್ಯಬೇಕು.

ಕಿಟಕಿಯಲ್ಲಿ ದೀಪಗಳು

ಕೇಳಬೇಕೆಂದರೆ ಹೊತ್ತು ಸಿಗಬೇಕಲ್ಲ. ಅಂದು ಸಂಜೆ ಮನೆಗೆ ಬಂದು ಬೂಟು ಕಳಚುತ್ತ, ಮರೈಕೆ, ಒಂದು ಮಾತು ಎಂದು ಬಾಯಿ ತೆರೆದೆ. ಗಂಗಕ್ಕ ಹಿಂದಿನಿಂದ ನನ್ನ ತೋಳು ಚಿವುಟಿದಳು. ತಿರುಗಿ ನೋಡಿದರೆ ಕಣ್ಣಿನಲ್ಲೇ ಕಿಟಕಿ ತೋರಿಸಿದಳು. ಆ ದೇಶದ ಮನೆಗಳಿಗೆ ಪರದೆಗಳಿಲ್ಲ. ಸಂಜೆಯಾಗುತ್ತಲೇ ಪ್ರತಿ ಕಿಟಕಿಯ ಕಟ್ಟೆಯ ಮೇಲೂ ದೀಪ ಹಚ್ಚಿಡುತ್ತಾರೆ. ದೀಪ ಹಚ್ಚಿಯಾಗಿತ್ತು. ನಾನು ವಿಜ್ಞಾನ ಓದಿದವಳು, ನೈಟ್ರೋಜನ್ನಿನ ಚಕ್ರ ಬಾಯಿಪಾಠ ಇರುವವಳು, ಬಾಯಿ ಮುಚ್ಚಿದೆ.

ಮರುದಿನ ಹಗಲಿನಲ್ಲೇ ಕೇಳೋಣವೆಂದುಕೊಂಡೆ. ಆದರೆ ಅಲ್ಲಿಯ ಹಗಲು ನಂಬುವಂಥದ್ದಲ್ಲ. ಲಾರಿಗಳು ಬಂದು ಹೋಗುವುದು ಮುಗಿದು ಮರೈಕೆ ಕೈ ತೊಳೆಯುವ ಹೊತ್ತಿಗೆ ನಾಲ್ಕೂವರೆಯೂ ಆಗಿರಲಿಲ್ಲ. ಅವಳು ಒದ್ದೆ ಕೈಯಿಂದಲೇ ದೀಪದ ಗುಂಡಿ ಒತ್ತಿದಳು. ನನ್ನ ಬಾಯಿಯಲ್ಲಿದ್ದ ಮಾತು ಮತ್ತೆ ಹೊಟ್ಟೆಗೆ ಹೋಯಿತು. ನಮ್ಮೂರಿನಲ್ಲಿ ಅದು ಎಮ್ಮೆಗಳು ಮನೆಗೆ ತಿರುಗುವ ಹೊತ್ತೂ ಅಲ್ಲ. ಗಂಗಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ಈ ಸಲ ವಾಸನೆಗಲ್ಲ, ನಗುವಿಗೆ.

ಮೂರನೆಯ ಬೆಳಿಗ್ಗೆ ಎದ್ದವಳೇ ಕೇಳಿದೆ. ಮರೈಕೆ ಬಾಯಿತುಂಬ ನಕ್ಕಳು. ವಿಮಾನ ನಿಲ್ದಾಣದ ನಾಯಿಯನ್ನು ಮರೆತಿರಾ, ನಿಮ್ಮ ದೇಶದಲ್ಲೂ ಮಣ್ಣು ಮಸಿ ಒಳಗೆ ಬಿಡುವುದಿಲ್ಲ ಎಂದಳು. ಅದೂ ಅಲ್ಲದೆ ನನ್ನ ಮಡಿಯವರು ಇಲ್ಲಿಯ ಚಳಿಗೆ, ಇಲ್ಲಿಯ ಎಲೆಗೆ ಹುಟ್ಟಿದವರು, ನಿಮ್ಮ ಬಿಸಿಲಿನಲ್ಲಿ ಬಾಳುವುದಿಲ್ಲ. ನಿಮ್ಮ ಹೆಪ್ಪು ನಿಮ್ಮ ಊರಿನಲ್ಲೇ ಇದೆ. ವರ್ಷಗಟ್ಟಲೆ ನಿಮ್ಮ ಫ್ಯಾನಿನ ಗಾಳಿ ಬಡಿದ ಜಾಗದಲ್ಲಿ ಹಸಿಯಾಗಿ ಕುಳಿತ ಹಳೆಯ ಕಟ್ಟಿಗೆ, ಕಸಕಡ್ಡಿ ಏನಾದರೂ ಇದೆಯೇ? ಇದ್ದರೆ ನಿಮ್ಮ ಗಾಳಿಯನ್ನೇ ಉಂಡು ಬೆಳೆದವರು ಅಲ್ಲಿದ್ದಾರೆ.

ಇದನ್ನು ಕನ್ನಡಕ್ಕೆ ಹೇಳುವಾಗ ನನ್ನ ನಾಲಿಗೆ ತಡವರಿಸಿತು. ಗಂಗಕ್ಕ ತನ್ನ ಉಗುರುಗಳನ್ನೇ ನೋಡುತ್ತಿದ್ದಳು. ಇಬ್ಬರ ಕಣ್ಣ ಮುಂದೆಯೂ ಇದ್ದದ್ದು ಒಂದೇ, ಬೇಲಿಯ ಆಚೆಯ ಆ ಒಡ್ಡು. ಅಂದು ಮರೈಕೆ ತನ್ನ ಮಡಿಯ ಒಂದು ಮೂಲೆಯನ್ನು ಸಲಿಕೆಯಿಂದ ಬಗೆದು ಒಳಗನ್ನು ತೋರಿಸಿದಳು. ಕಪ್ಪಗೆ, ಪುಡಿಪುಡಿಯಾಗಿ, ನಡುನಡುವೆ ಬೂಷ್ಟಿನ ಬಿಳಿಯ ನೂಲು. ಗಂಗಕ್ಕ ಒಂದು ಹಿಡಿ ತೆಗೆದು ಮೂಸಿ, ಮೆಲ್ಲಗೆ ಅಲ್ಲೇ ಇಟ್ಟು ಕೈ ಒರೆಸಿಕೊಂಡಳು. ಅವಳ ಒಡ್ಡಿನ ಅಡಿಯೂ ಹೀಗೆಯೇ ಇದೆಯೆಂದು ಅವಳ ಮುಖವೇ ಹೇಳಿತು. ನನ್ನನ್ನು ತಡೆಯಲು ಅವಳು ಹಾಕಿದ ಗೋಡೆಯಲ್ಲಿ ನನಗೆ ಬೇಕಾದ ಊರು ನೆಲೆಸಿತ್ತು.

ವಾಸನೆಯಿಲ್ಲದ ಹೂವು

ಮಧ್ಯಾಹ್ನ ಹೂವಿನ ಹರಾಜು ನಡೆಯುವ ಜಾಗಕ್ಕೆ ಹೋದೆವು. ಅದು ಮಾರುಕಟ್ಟೆಯಲ್ಲ, ಸೂರು ಹಾಕಿದ ಒಂದು ಊರು. ನಮ್ಮ ಹಡಗಲಿಯ ಹೂವಿನ ಸಂತೆಯಲ್ಲಿ ಕೂಗಾಟಕ್ಕೆ ಕಿವಿ ಕಿವುಡಾಗುತ್ತದೆ, ಇಲ್ಲಿ ಹೂವಿನ ಗಾಡಿಗಳು ಸದ್ದಿಲ್ಲದೆ ಒಂದರ ಹಿಂದೆ ಒಂದು ಹರಿಯುತ್ತವೆ. ಗಂಡಸರೆಲ್ಲ ಫೋಟೋ ತೆಗೆಯುವುದರಲ್ಲಿ ಮುಳುಗಿದರು. ಗಂಗಕ್ಕ ಒಂದು ಗುಲಾಬಿಯನ್ನು ಮೂಗಿನ ಹತ್ತಿರ ಹಿಡಿದಳು. ಇನ್ನೊಂದು ಹಿಡಿದಳು. ಆಮೇಲೆ ಲಿಲ್ಲಿ, ಆಮೇಲೆ ಹೆಸರು ಗೊತ್ತಿಲ್ಲದ ನೀಲಿಯದೊಂದು. ನನ್ನ ಕಡೆ ತಿರುಗಿದಾಗ ಅವಳ ಮುಖ ಸಣ್ಣದಾಗಿತ್ತು.

"ಇವುಕ್ಕ ಬಣ್ಣ ಐತಿ, ದೊಡ್ಡ ದೊಡ್ಡ ಎಸಳು ಅದಾವ, ವಾರಗಟ್ಲೆ ಬಾಡಂಗಿಲ್ಲಂತ. ನನ್ನ ಮಲ್ಲಿಗಿಗೆ ಏನೈತ್ರಿ? ಉಗುರಿನಷ್ಟು ಹೂವು. ವಾಸನಿ ಒಂದು ಬಿಟ್ರ ಏನೈತಿ?"

ನಾನು ಇಷ್ಟು ದಿನ ಅವಳ ದೂರನ್ನು ನೆರೆಹೊರೆಯ ಕಿರಿಕಿರಿ ಎಂದುಕೊಂಡಿದ್ದೆ. ಅವಳ ಹೂವಿನ ಜೀವ ಇರುವುದೇ ನನ್ನ ಫ್ಯಾನು ಕೆಡಿಸುವ ವಾಸನೆಯಲ್ಲಿ ಎಂದು ಅಲ್ಲಿ, ಆ ವಾಸನೆಯಿಲ್ಲದ ಹೂವಿನ ರಾಶಿಯ ನಡುವೆ, ಎದೆಗೆ ತಟ್ಟಿತು. ಬಹಳ ನೋವಾಯಿತು.

ಮರೈಕೆಯ ಊರಿನಲ್ಲಿ ಬಸ್ಸು ಇಳಿದು ಇಬ್ಬರೇ ನಡೆದೆವು. ತನ್ನ ನೆರೆಯವನೊಬ್ಬನ ಬಗ್ಗೆ ಮರೈಕೆ ಹೇಳಿದ್ದು ನೆನಪಾಯಿತು. ವಾಸನೆ ಬಂದರೆ ಅವನು ಫೋನು ಮಾಡುತ್ತಾನಂತೆ, ಅವಳು ಹೋಗಿ ಅವನ ಅಂಗಳದಲ್ಲಿ ನಿಂತು ಜೊತೆಯಲ್ಲೇ ಮೂಸಿ ನೋಡುತ್ತಾಳಂತೆ, ಬಿಸ್ಕತ್ತು ಒಂದು ತಿಂದು ಬರುತ್ತಾಳಂತೆ. ನಮ್ಮಲ್ಲಿ ಫೋನು ಮಾಡುವುದಿಲ್ಲ, ಮಾತು ಬಿಡುತ್ತೇವೆ. ನಾನು ನಿಂತು, ಗಂಗಕ್ಕಾ, ನಿನ್ನ ಒಡ್ಡು ನನಗೆ ಬೇಕು ಎಂದೆ. ಬಹಳ ದಿನದ ಮೇಲೆ ಅವಳನ್ನು ನೀನು ಎಂದಿದ್ದೆ.

ಅವಳು ರಸ್ತೆಯ ಎರಡೂ ಬದಿ ನೋಡಿದಳು. ಸಾಲು ಮನೆಗಳು, ಸಾಲು ಕಿಟಕಿಗಳು, ಪ್ರತಿಯೊಂದರಲ್ಲೂ ಹಳದಿ ಬೆಳಕು.

"ದೀಪ ಹಚ್ಯಾರ," ಅಂದಳು. "ನಾಳೆ ಮುಂಜಾನಿ ಕೇಳು."

ನನಗೆ ಮೊದಲು ಸಿಟ್ಟು ಬಂತು, ಬಗೆಹರಿಯುವ ಮಾತು ಬಗೆಹರಿದುಬಿಡಬಾರದೇ ಎಂದು. ನಾಲ್ಕು ಹೆಜ್ಜೆ ನಡೆದ ಮೇಲೆ ಹೊಳೆಯಿತು. ಅವಳು ಒಲ್ಲೆ ಅಂದಿರಲಿಲ್ಲ. ಕೇಳ್ರಿ ಅನ್ನದೆ ಕೇಳು ಅಂದಿದ್ದಳು. ಮತ್ತು ನನ್ನ ಫ್ಯಾನಿನ ಎದುರಿನ ಕಸವನ್ನು ಹೆಪ್ಪೆಂದು ಒಪ್ಪಿದ್ದಳು.

ಬೆಳಿಗ್ಗೆ ಅವಳು ಬಿಸಿ ಕೊಳವೆಯ ಮೇಲಿನ ಡಬ್ಬಿಯ ಶಾಲು ಸರಿಸುತ್ತಿರುವಾಗ ಕೇಳಿದೆ. ಅವಳು ಮೊಸರನ್ನು ಅಲ್ಲಾಡಿಸಿ ನೋಡಿ, ಕೆಳಗಿಟ್ಟು, ಮಂಚದ ಮೇಲೆ ಕುಳಿತಳು.

"ಒಡ್ಡು ಕೊಟ್ರ ನನ್ನ ಹೊಲಕ್ಕ ಅಡ್ಡ ಏನೈತಿ? ನಿನ್ನ ಮಡಿ ಹಿಡಿಲಿಲ್ಲ ಅಂದ್ರ?"

"ನಾ ಅದೀನಲ್ಲ ಅಕ್ಕಾ. ಹಿಡಿಲಿಲ್ಲ ಅಂದ್ರ ಅವತ್ತ ಬೀಗ ತಂದು ನಿನ್ನ ಕೈಯಾಗ ಕೊಡ್ತೀನಿ."

ಅವಳು ಎರಡು ತಟ್ಟೆಗೆ ಮೊಸರು ಬಡಿಸಿ, ತಿನ್ನು, ಆರತೈತಿ ಅಂದಳು. ಮೊಸರು ಆರುವುದೆಂದರೇನು ಎಂದು ನಾನು ಕೇಳಲಿಲ್ಲ.

ಹೊಳಲು ರಸ್ತೆ

ಊರಿಗೆ ಬಂದ ಮೇಲೆ ಎಲ್ಲರೂ ವಿದೇಶದಿಂದ ಏನು ತಂದಿರಿ ಎಂದು ಕೇಳಿದರು. ಬೇಲಿಯಾಚೆಯಿಂದ ಕಸ ತಂದೆ ಎಂದರೆ ನಗುತ್ತಿದ್ದರು. ಫ್ಯಾನಿನ ಮುಂದೆ ಮಡಿ ಕಟ್ಟಲು ಇಟ್ಟಿಗೆಗಳನ್ನು ಸಂದಿ ಬಿಟ್ಟು ಜೋಡಿಸಿ ಗಾಳಿಗೆ ದಾರಿ ಮಾಡಿದೆವು. ಅದರ ಮೇಲೆ ಬೇರಿನ ಚಕ್ಕೆಗೆ ಬದಲು ಜಾಲಿ ಕಟ್ಟಿಗೆಯ ಚಕ್ಕೆ, ತೆಂಗಿನ ಸಿಪ್ಪೆಯ ತುಂಡು. ಜಾಲಿಗೆ ನಮ್ಮ ಸೀಮೆಯಲ್ಲಿ ಏನು ಬರ. ಗಂಗಕ್ಕನ ಒಡ್ಡನ್ನು ಬಿಚ್ಚುವ ದಿನ ಅವಳೇ ಬಂದು ನಿಂತಳು, ಬೆಳಕು ಹರಿದ ಮೇಲೆ. ಅಡಿಯಿಂದ ಕಪ್ಪನೆಯ ಪುಟ್ಟಿಗಳನ್ನು ನಮ್ಮ ಹೆಂಗಸರು ಹೊತ್ತು ತಂದು ಚಕ್ಕೆಗೆ ಬೆರೆಸಿದರು. ಒಡ್ಡು ಹೋದ ಜಾಗ ಬಟ್ಟಬಯಲಾಯಿತು. ಅವಳ ಸವರಿದ ಮಲ್ಲಿಗೆ ಸಾಲುಗಳು ನನ್ನ ಶೆಡ್ಡಿನ ಮುಂದೆ ಅಡ್ಡವಿಲ್ಲದೆ ನಿಂತವು. ಅವಳ ಧೈರ್ಯ ನೋಡಿ ನನಗೆ ಭಯವಾಯಿತು.

ಮೊದಮೊದಲು ಫ್ಯಾನನ್ನು ಸಣ್ಣಗೆ ತಿರುಗಿಸಿದೆ. ಗೊಬ್ಬರದ ಹೊಸ ಲೋಡನ್ನೂ ಕಡಿಮೆ ಮಾಡಿದೆ. ಆದರೂ ವಾಸನೆ ಬಂತು. ನಮ್ಮ ಬಿಸಿಲಿಗೆ ಮಡಿಯ ಮೇಲ್ಮೈ ಮಧ್ಯಾಹ್ನದೊಳಗೆ ಒಣಗುತ್ತಿತ್ತು, ಮರೈಕೆಯ ದೇಶದಲ್ಲಿ ಇಲ್ಲದ ತಾಪತ್ರಯ. ತೆಂಗಿನ ಗರಿಯ ಚಪ್ಪರ ಹಾಕಿ, ತುಂತುರು ಹೆಚ್ಚಿಸಿದೆ. ದಿನಾ ಬೆಳಿಗ್ಗೆ ಮಡಿಯ ಮೇಲೆ ಬಗ್ಗಿ ಬಗ್ಗಿ ಮೂಸುತ್ತಿದ್ದ ನನ್ನನ್ನು ನೋಡಿ ಹೊಳಲಿನ ಬಸ್ಸಿನವರು ಏನು ತಿಳಿದರೋ. ವಾರಗಳು ಕಳೆದವು. ಒಂದು ಬೆಳಿಗ್ಗೆ ಬಗ್ಗಿದಾಗ ಬಂದದ್ದು ಮೊದಲ ಮಳೆಯ ವಾಸನೆ. ನಂಬಲಿಲ್ಲ. ಶೆಡ್ಡಿನ ಹೆಂಗಸರನ್ನೆಲ್ಲ ಕರೆದು ಮೂಸಿಸಿದೆ. ಆಮೇಲೆ ನಿಧಾನವಾಗಿ ಫ್ಯಾನಿನ ವೇಗ ಏರಿಸಿದೆ, ಲೋಡು ಏರಿಸಿದೆ. ಹೆಪ್ಪು ಹಿಡಿದಿತ್ತು. ಹಿಡಿಯುತ್ತದೆಂದು ನನಗೆ ಗೊತ್ತಿತ್ತು ಎಂದು ಈಗ ಎಲ್ಲರಿಗೂ ಹೇಳುತ್ತೇನೆ.

ಆದರೆ ತೀರ್ಪು ನನ್ನ ಮೂಗಿನದಲ್ಲವಲ್ಲ. ಬೇಸಿಗೆಯ ಮೊದಲ ಮೊಗ್ಗು ಬಿಡಿಸುವ ದಿನ ಗಂಗಕ್ಕ ನಸುಕಿನಲ್ಲೇ ಹೊಲಕ್ಕೆ ಬಂದಳು. ನನ್ನ ಶೆಡ್ಡಿನಲ್ಲಿ ಅಂದು ಕೋಳಿ ಗೊಬ್ಬರ ತುಂಬಿತ್ತು, ಫ್ಯಾನು ಪೂರ್ತಿ ಓಡುತ್ತಿತ್ತು. ಕಡಿಮೆ ಮಾಡಲು ನನಗೆ ಮನಸ್ಸಾಗಲಿಲ್ಲ. ಅವಳು ಒಡ್ಡು ಇದ್ದ ಜಾಗದಲ್ಲಿ ನಿಂತು ಗಾಳಿಗೆ ಮುಖ ಕೊಟ್ಟಳು. ಬಲಗೈಯಲ್ಲಿ ಸೆರಗಿತ್ತು, ಮೇಲೇಳಲಿಲ್ಲ. ಮೊಗ್ಗು ಬಿಡಿಸಿಕೊಂಡು ಹೋದಳು. ಹೋದವಳು ತಿರುಗಿ ನೋಡಲಿಲ್ಲ. ಮೊಗ್ಗು ಅರಳುವುದು ಸಂಜೆಗೆ, ಅರಳಿದ ಮೇಲೆಯೇ ಅದರ ವಾಸನೆ ಗೊತ್ತಾಗುವುದು. ಆ ದಿನ ನಾನು ಶೆಡ್ಡಿನಲ್ಲಿ ಯಾರ ಯಾರ ಮೇಲೆ ರೇಗಿದೆನೋ ನೆನಪಿಲ್ಲ. ಶೆಡ್ಡಿನ ಬೀಗವನ್ನು ತಂದು ಮನೆಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡಿದ್ದೆ, ಮಾತು ಮಾತೇ ಎಂದು.

ಸಂಜೆ ದೇವರ ಮುಂದೆ ದೀಪ ಹಚ್ಚಿ ಹೊರಬರುವಷ್ಟರಲ್ಲಿ ಗಂಗಕ್ಕ ಅಂಗಳದಲ್ಲಿ ನಿಂತಿದ್ದಳು. ಮುಡಿಯ ತುಂಬ ಅದೇ ದಿನದ ಮಲ್ಲಿಗೆ. ಅದರ ವಾಸನೆ ಅವಳಿಗಿಂತ ಮೊದಲು ಹೊಸ್ತಿಲು ದಾಟಿ ಒಳಗೆ ಬಂತು, ಬರೀ ಮಲ್ಲಿಗೆಯ ವಾಸನೆ. ಅವಳ ಕೈಯಲ್ಲಿ ಆಮ್‌ಸ್ಟರ್‌ಡ್ಯಾಂ ನೋಡಿ ಬಂದ ಸ್ಟೀಲ್ ಡಬ್ಬಿ, ಖಾಲಿ.

ಒಂದು ಚಮಚ ಹೆಪ್ಪು ಬೇಕಿತ್ತು ಅಂದಳು.

ಸುಮ್ಮನಿರುವ ಬುದ್ಧಿ ನನಗೆಲ್ಲಿಯದು. ದೀಪ ಹಚ್ಚಿಯಾಗಿದೆ ಅಕ್ಕಾ ಎಂದೆ.

"ಗೊತ್ತೈತಿ," ಅಂದಳು ಗಂಗಕ್ಕ, ಡಬ್ಬಿಯನ್ನು ನನ್ನ ಕಿಟಕಿಯ ಕಟ್ಟೆಯ ಮೇಲೆ, ಬೀಗದ ಪಕ್ಕದಲ್ಲಿಟ್ಟು. "ಮುಂಜಾನಿ ಬರ್ತೀನಿ."